ನಮ್ಮ ದವಾಖಾನಿ ದುರ್ಬೀನ, ನಮ್ಮ ಅತ್ತಿ ಹಟ

ನಗಬಾರದ ಜಾಗಾದಾಗ ನಗಿ ಬರೂದು ಅಂದ್ರ ದವಾಖಾನ್ಯಾಗ. ಅದೂ ಎಂದರ ಒಮ್ಮೆ ಅಲ್ಲ, ದಿನಾ ಬರತೈತಿ, ಬಾಯಿಗೆ ಸೆರಗು ಹಿಡದು ತಡಕೊಂಡು ತಡಕೊಂಡು ನನಗ ಪಕ್ಕಡಿ ನೋವು ಹತ್ತಿತ್ತು. ನಾ ಕೊಲ್ಲಾಪುರದ ಒಂದು ಖಾಸಗಿ ದವಾಖಾನ್ಯಾಗ ನರ್ಸ್ ಇದ್ನಿ, ಗಂಡನ ಕೂಡ ಅಲ್ಲೇ ಮನಿ ಮಾಡಿದ್ನಿ. ಎಂಬತ್ತರ ದಶಕ ನಡದಿತ್ತು. ನಮ್ಮ ಡಾಕ್ಟರ್ ಸಾಹೇಬ್ರು ಮುಂಬೈಕ ಹೋಗಿ ಹೊಸಾದೊಂದು ಯಂತ್ರಾ ತಂದ್ರು. ಉದ್ದನ್ನ ಕರೀ ನಳಿಗಿ, ಒಂದ್ ತುದಿಗೆ ದೀಪ, ಇನ್ನೊಂದ್ ತುದಿಗೆ ಕಣ್ಣಿಟ್ಟು ನೋಡೂ ಕಿಂಡಿ. ಹಿಂದಿನ ದಾರೀಲೆ ಒಳಗ ಬಿಟ್ಟು ದೊಡ್ಡ ಕರಳು ಪೂರಾ ನೋಡೂದು. ಡಾಕ್ಟರ್ ಮಂದಿ ಅದಕ್ಕ ಕೊಲೊನೊಸ್ಕೋಪಿ ಅಂತಿದ್ರು. ನಮ್ಮ ಕಡೆ ಮಂದಿ ಬಾಯಾಗ ಅದು 'ದುರ್ಬೀನ ತಪಾಸಣಿ'.

ಇದ ಹೊತ್ತಿನ್ಯಾಗ ಗಡಹಿಂಗ್ಲಜದಾಗಿದ್ದ ನಮ್ಮ ಅತ್ತಿ ತಮ್ಮ ಸೀರಿ ಯಾರಿಗೂ ಮುಟ್ಟಗೊಡದ ತಾವ ಒಗ್ಯಾಕ ಸುರು ಮಾಡಿದ್ರು. ಊರಿಗೆ ಹೋದಾಗ ಸೀರಿ ಮ್ಯಾಲಿನ ರಕ್ತದ ಕಲೆ ಕಂಡ್ನಿ. ನಾ ನರ್ಸ್, ನನ್ನ ಕಣ್ಣಿಗೆ ಮಣ್ಣ ಹಾಕಾಕ ಆಗತೈತೇನು? ಕೇಳಿದ್ನಿ. "ಮೂಲವ್ಯಾಧಿ ಐತಿ, ಮಜ್ಜಿಗಿ ಕುಡದ್ರ ಹೋಗತೈತಿ, ನೀ ಗಪ್ ಕುಂಡ್ರ," ಅಂದ್ರು. ತಿಂಗಳಾನಗಟ್ಟಲೆ ರಕ್ತ ಹೋಗಿ ಹೋಗಿ ಮುಖ ಬಿಳಚಿತ್ತು. ಅದು ಮೂಲವ್ಯಾಧಿ ಅಲ್ಲ, ಒಳಗ ಏನರ ಗಂಟ್ ಇದ್ದೀತು ಅಂತ ಸಾಹೇಬ್ರಿಗೂ ಅನುಮಾನ, ನನಗೂ ಅನುಮಾನ. ದುರ್ಬೀನ ಹಾಕಿ ನೋಡಿದ್ರನ ತಿಳಿಯೂದು. ಅತ್ತಿ ಒಲ್ಲೆ ಅಂದ್ರು. ಅವರು ಒಲ್ಲೆ ಅಂದ್ರ ಒಲ್ಲೆ. ಆದ್ರ ನಾನೂ ಅದ ಮನಿ ಸೊಸಿ, ಹಟದಾಗ ನಾ ಯಾರಿಗೇನ್ ಕಡಿಮಿ? ದವಾಖಾನ್ಯಾಗ ನಡದ ಕಥಿ ಹೇಳಿ ಹೇಳಿ ಹೆದರಿಕಿ ಬಿಡಸೂಣು ಅಂತ ರವಿವಾರಕ್ಕೊಮ್ಮೆ ಗಡಹಿಂಗ್ಲಜ ಬಸ್ ಹತ್ತಾಕ ಸುರು ಮಾಡಿದ್ನಿ.

೧. ಬಿಳೇ ರಸ್ಸಾ

ಕೊಲ್ಲಾಪುರದಾಗ ಒಬ್ರು ಖಾನಾವಳಿ ಮಾಲಕರು. ಅವರಕಿಂತ ಅವರ ಹೊಟ್ಟಿ ಒಂದ್ ಹೆಜ್ಜಿ ಮುಂದ ಬರತಿತ್ತು. ತಪಾಸಣಿಗೆ ಕರಳು ಖಾಲಿ ಇರಬೇಕು, ಇಲ್ಲಂದ್ರ ದುರ್ಬೀನಕ್ಕ ಏನೂ ಕಾಣಂಗಿಲ್ಲ. ಸಾಹೇಬ್ರು ಅವರನ್ನ ಮುಂದ ಕುಂಡ್ರಿಸಿಕೊಂಡು ಹೇಳಿದ್ರು:

"ಎರಡು ದಿನಾ ರೊಟ್ಟಿ ಬ್ಯಾಡ, ಅನ್ನ ಬ್ಯಾಡ, ಪಲ್ಲೆ ಬ್ಯಾಡ. ಕೆಂಪಂದು ಏನೂ ಬ್ಯಾಡ. ಬರೇ ತೆಳ್ಳಗಿಂದು ಕುಡೀರಿ."

"ಕೆಂಪಂದು ಅಜಿಬಾತ್ ಬ್ಯಾಡೇನ್ರಿ?" ಮಾಲಕರ ಕಣ್ಣಾಗ ನೀರು ಬರೂದೊಂದು ಬಾಕಿ.

"ಅಜಿಬಾತ್ ಬ್ಯಾಡ."

ತಪಾಸಣಿ ದಿನಾ ಬಂತು. ಸಾಹೇಬ್ರು ಕಿಂಡ್ಯಾಗ ಕಣ್ಣಿಟ್ರು. ತಗದ್ರು. ಗಾಜು ಒರಸಿದ್ರು. ಮತ್ತ ಕಣ್ಣಿಟ್ರು.

"ಸಿಸ್ಟರ್, ಒಳಗ ಎಳ್ಳು ಕಾಣಾಕತ್ತಾವು. ಖಸಖಸಿ ಕಾಣಾಕತ್ತೈತಿ. ಮ್ಯಾಲ ಜಿಡ್ಡು. ಮಾಲಕರ, ನಿನ್ನಿ ಏನ್ ಕುಡದ್ರಿ?"

"ನೀವು ಹೇಳಿದ್ದ ರೀ. ಕೆಂಪ ಸಾರು, ತಾಂಬಡಾ ರಸ್ಸಾದ ಕಡೆ ಕಣ್ಣೆತ್ತಿ ನೋಡಿಲ್ಲ. ಬರೇ ಪಾಂಢರಾ ರಸ್ಸಾ. ಮುಂಜಾನೆ ಒಂದ್ ಪಾತೇಲಿ, ಸಂಜಿಕ ಒಂದ್ ಪಾತೇಲಿ. ತುಂಡು ಒಂದೂ ತಿಂದಿಲ್ಲ, ದೇವರಾಣಿ."

ಮಟನ್ ಕುದಿಸಿದ ನೀರಿಗೆ ಕೊಬ್ಬರಿ ಹಾಲು, ಎಳ್ಳು, ಖಸಖಸಿ ಅರದು ಹಾಕಿದ ಬಿಳೇ ಸಾರು ಅದು. ಖರೇ ಅಂದ್ರ ಕೆಂಪಲ್ಲ. ಖರೇ ಅಂದ್ರ ತೆಳ್ಳಗ ಐತಿ. ಸಾಹೇಬ್ರು ನಳಿಗಿ ಹೊರಗ ತಗದು ತಲಿ ಹಿಡಕೊಂಡ್ರು. ಆದ್ರ ಸಿಟ್ಟಿಗೆದ್ದಾಂವ ಮಾಲಕ.

"ಏನ್ರಿ ಸಾಹೇಬ್ರ, ಎರಡು ದಿನಾ ತಾಂಬಡಾ ಬಿಟ್ಟೇನಿ! ಕೊಲ್ಲಾಪುರದಾಗ ಹುಟ್ಟಿದ ಮನಶ್ಯಾ ಇದಕ್ಕಿಂತ ದೊಡ್ಡ ಉಪಾಸ ಮಾಡಾಕ ಸಾಧ್ಯ ಐತೇನು?"

ಆ ರವಿವಾರ ಅತ್ತಿಗೆ ಇದನ್ನ ಹೇಳಿದ್ನಿ. ನಮ್ಮದು ಜೈನರ ಮನಿ, ಮಟನ್ ಹೆಸರ ಕೇಳಿ ಮದಲ ಕಿವಿ ಮುಚ್ಚಿಕೊಂಡ್ರು. ಆಮ್ಯಾಲ ಕಿವಿ ಬಿಟ್ಟು ಪೂರಾ ಕೇಳಿದ್ರು. ಕೇಳಿ ನಕ್ರು. ನಾ ಇನ್ನೇನು ಗೆದ್ನಿ ಅಂದಕೊಂಡ್ನಿ.

"ಮಟನ್ ಕುಡ್ಯೋರಿಗೆ ಮಾಡಿದ ತಪಾಸಣಿ ಅದು," ಅಂದ್ರು. "ನಮ್ಮ ಕರಳು ಬಸ್ತಿ ಗುಡಿ ಇದ್ದಂಗ ಸ್ವಚ್ಛ ಇರತಾವು. ಅಲ್ಲಿ ನೋಡೂದೇನೈತಿ?"

೨. ಪೈಲ್ವಾನನ ಬೆನ್ನು

ಒಬ್ಬ ಪೈಲ್ವಾನ ಬಂದಿದ್ದ. ಬಾಗಲದಾಗ ಅಡ್ಡ ಹಾದು ಬರಬೇಕಾತು, ಅಷ್ಟ ದೊಡ್ಡ ಮೈ. ಕೂಡ ಅವನ ತಾಲೀಮಿನ ಹುಡುಗರ ದಂಡು. ಅವರೆಲ್ಲಾ ಹೊರಗ ಬಾಗಲಕ್ಕ ಹತ್ತಿ ನಿಂತ್ರು.

ಮದಲ ಎಡಮಗ್ಗಲಾಗಿ ಮಲಗಸ್ತೇವಿ. ನಳಿಗಿ ಅರ್ಧಾ ಹೋದ ಮ್ಯಾಲ, ಮುಂದಿನ ತಿರುವು ದಾಟಾಕ ಅಂಗಾತ ಹೊರಳಸಬೇಕಾಗತೈತಿ. ಸಾಹೇಬ್ರು ಮರಾಠ್ಯಾಗ "ಉತಾಣಾ ವ್ಹಾ" ಅಂದ್ರು, ಅಂಗಾತ ಆಗ್ರಿ ಅಂತ.

ಪೈಲ್ವಾನ ಹೊರಳಲಿಲ್ಲ.

ತಿಳೀಲಿಲ್ಲೇನೋ ಅಂತ ನಾ ಕನ್ನಡದಾಗ ಹೇಳಿದ್ನಿ. ಅಂವಾ ಎರಡೂ ಭಾಷಾ ಬಲ್ಲಾಂವ. "ತಿಳದೈತ್ರಿ ಸಿಸ್ಟರ್. ಆಗಂಗಿಲ್ಲ. ನನ್ನ ಬೆನ್ನು ಕೆಳಗ ಹಚ್ಚಿದಾಂವ ಈ ಜಿಲ್ಲಾದಾಗ ಇನ್ನೂ ಹುಟ್ಟಿಲ್ಲ. ಹೊರಗ ನನ್ನ ಹುಡುಗರು ನಿಂತಾರ. ಎದರಿಗೊಬ್ಬ ನಿಂತು ನೂಕಾಕತ್ತಾಗ ನಾ ಬೆನ್ನ ಹಚ್ಚಿದ್ರ ಅದು ಚೀತ್, ಸೋತಂಗ."

ಸಾಹೇಬ್ರು ಒಂದ್ ಕೈಯಾಗ ದುರ್ಬೀನ ಹಿಡದು ಇನ್ನೊಂದ್ ಕೈಲೆ ಅವನ ಭುಜಾ ನೂಕಿದ್ರು. ನಾ ಸೊಂಟಾ ನೂಕಿದ್ನಿ. ಆಯಾನೂ ಬಂದು ಕೈ ಹಚ್ಚಿದ್ಲು. ಮೂರೂ ಮಂದಿ ಬೆವತ್ವಿ, ಅಂವಾ ಗ್ವಾಡಿ ಹಂಗ ಇದ್ದ. ಹೊಟ್ಟ್ಯಾಗ ಅರ್ಧಾ ನಳಿಗಿ, ಆದ್ರೂ ಪಟ್ಟು ಸಡಲಸಲಿಲ್ಲ ಭಾಡ್ಯಾ!

ನನಗೂ ರೇಗಿತು. ಅವನ ಕಿವಿ ಹತ್ರ ಬಗ್ಗಿ ಕೇಳಿದ್ನಿ: "ಪೈಲ್ವಾನ್ರ, ನೀವು ಎದರ ಮ್ಯಾಲ ಮಲಗೀರಿ?"

"ಗಾದಿ ಮ್ಯಾಲ."

"ಕೊಲ್ಲಾಪುರದಾಗ ಗಾದಿ ಮ್ಯಾಲಿನ ಕುಸ್ತಿ ಯಾರರ ಲೆಕ್ಕಕ್ಕ ಹಿಡೀತಾರೇನ್ರಿ? ಕೆಂಪ ಮಣ್ಣಾಗ ಆದ್ರ ಅಷ್ಟ ಕುಸ್ತಿ."

ಪೈಲ್ವಾನ ವಿಚಾರ ಮಾಡಿದ. "ಹೌದ್ರಿ, ಗಾದಿದು ಕುಸ್ತಿನ ಅಲ್ಲ," ಅಂದು ಕೂಸಿನಂಗ ಹೊರಳಿದ. ತಪಾಸಣಿ ಮುಗೀತು. ಕರಳು ಕಬ್ಬಿಣದಂಗ ಗಟ್ಟಿ ಇತ್ತು, ಏನೂ ಇರಲಿಲ್ಲ. ಅಂವಾ ಹೊರಗ ಹೋದ ಕೂಡಲೇ ಹುಡುಗರು ಮುತ್ತಿದ್ರು. "ವಸ್ತಾದ, ಒಳಗ ಭಾಳ ಧಡಪಡ ಕೇಳಿಸ್ತು, ಏನಾತು?"

ಪೈಲ್ವಾನ ಧೋತರ ಸರಿ ಮಾಡಿಕೊಂತ ಹೇಳಿದ: "ಮೂರ್ ಮಂದಿ ಹತ್ತಿದ್ರೋ. ಕುಸ್ತಿ ಬರಾಬರಿ ಆತು."

೩. ಮಗ್ಗದ ದನಿ

ಪೈಲ್ವಾನನ ಕಥಿ ಕೇಳಿ ಅತ್ತಿ ಕೆಮ್ಮು ಬರೂಮಟ ನಕ್ರು. ಅದ ಗಳಿಗ್ಯಾಗ ನಾ ಕೊಕ್ಕಿ ಹಾಕಿದ್ನಿ. "ತಪಾಸಣಿ ಬ್ಯಾಡ ಬಿಡ್ರಿ. ಬರೇ ದವಾಖಾನಿ ನೋಡಾಕ ಬರ್ರಿ. ಸೊಸಿ ಎಲ್ಲಿ ದುಡೀತಾಳ ಅಂತ ಒಮ್ಮೆರ ನೋಡೀರೇನು?" ಆ ಮಾತಿಗೆ ಬಂದ್ರು. ಬೆಂಚಿನ ಮ್ಯಾಲ ಕುಂಡ್ರಿಸಿದ್ನಿ. ಪಾಳಿ ಹಚ್ಚಿದವರು ಇನ್ನೂ ಮೂರ್ ಮಂದಿ ಇದ್ರು. ಮಾತಾಡಿಕೊಂತ ಕುಂತ್ರು, ಅತ್ತಿ ಮುಖದಾಗ ಹೆದರಿಕಿ ಕಮ್ಮಿ ಆಗಿತ್ತು. ಇವತ್ತ ಸಾಹೇಬ್ರ ಭೆಟ್ಟಿ ಮಾಡಸ್ತೇನಿ, ದಿನಾ ಗೊತ್ತ ಮಾಡಿಸ್ತೇನಿ ಅಂತ ನಾ ಒಳಗ ಹೋದ್ನಿ.

ಒಳಗ ಇದ್ದಾಂವ ಇಚಲಕರಂಜಿಯ ಮಗ್ಗದ ಕಾರ್ಖಾನಿ ಮನಶ್ಯಾ. ಸಣ್ಣಾಂವ ಇದ್ದಾಗಿಂದ ಪವರ್‌ಲೂಮ್ ನಡುವ ಬೆಳದಾಂವ. ಅಲ್ಲಿ ಖಡಖಡ ಸಪ್ಪಳದಾಗ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದ್ರ ಜೀವ ಹೋಗೂವಂಗ ಒದರಬೇಕು. ಒದರಿ ಒದರಿ ಅದ ಅವರ ಸಾದಾ ದನಿ ಆಗಿರತೈತಿ. ಹೆಂಡತಿ ಕೂಡ ಪ್ರೀತಿ ಮಾತಾಡಿದ್ರೂ ಮೂರ್ ಓಣಿಗೆ ತಿಳೀತೈತಿ.

ಸಾಹೇಬ್ರು ನಳಿಗಿ ಬಿಟ್ಟು ಕೇಳಿದ್ರು: "ತ್ರಾಸ್ ಆಗತೈತೇನು?"

"ನಾಹೀ ಸಾಹೇಬ! ಕಾಹೀ ತ್ರಾಸ್ ನಾಹೀ!" ಅಂದ. ಏನೂ ತ್ರಾಸಿಲ್ಲ ಅಂತ ಅಂದಿದ್ದು. ಆದ್ರ ಆ ದನಿಗೆ ಕಿಡಕಿ ಗಾಜು ನಡಗಿದ್ವು.

"ಹಗೂರ ಮಾತಾಡಪಾ," ಅಂದ್ನಿ.

"ಹಗೂರನ ಮಾತಾಡಾಕತ್ತೇನ್ರಿ ಸಿಸ್ಟರ್! ಭಾಳ ಆರಾಮ ಐತಿ! ಸಾಹೇಬ್ರ ಕೈ ಭಾಳ ಮಿದು!"

ಹೊಗಳಿಕಿ ಸುರು ಮಾಡಿದಾಂವ ನಿಲ್ಲಿಸಲಿಲ್ಲ. ನಮಗ ಒಳಗ ಮಾತು ತಿಳೀತಿತ್ತು. ಮುಚ್ಚಿದ ಬಾಗಲದ ಹೊರಗ ಕುಂತವರಿಗೆ ಮಾತು ತಿಳೀಲಿಲ್ಲ, ಬರೇ ಬೊಬ್ಬಿ ಕೇಳಿಸ್ತು. ತಪಾಸಣಿ ಮುಗಿಸಿ ಬಾಗಲಾ ತಗದು ನೋಡ್ತೇನಿ, ಬೆಂಚ್ ಪೂರಾ ಖಾಲಿ! ಕೆಳಗ ಚಪ್ಪಲಿ ಅಷ್ಟ ಬಿದ್ದಾವು. ನಮ್ಮ ಅತ್ತಿ ಚಪ್ಪಲೀನೂ ಅಲ್ಲೇ. ಓಡಿ ಸ್ಟ್ಯಾಂಡಿಗೆ ಹೋದ್ನಿ. ಗಡಹಿಂಗ್ಲಜ ಬಸ್ಸಿನ ಕಿಡಕ್ಯಾಗ ಅತ್ತಿ ಸೆರಗು ಕಂಡಿತು, ಅಷ್ಟರಾಗ ಬಸ್ ಬಿಟ್ತು. ಇಷ್ಟ ದಿನಾ ಪಟ್ಟ ಪಾಡು ಒಂದ ಗಳಿಗ್ಯಾಗ ನೀರಾಗಿತ್ತು. ನನಗ ಅಲ್ಲೇ ಕುಂತು ಅಳಬೇಕನಿಸ್ತು.

ತಿರುಗಿ ಬಂದ್ರ ಆ ಮಗ್ಗದ ಮನಶ್ಯಾ ಅಂಗಿ ಗುಂಡಿ ಹಾಕಿಕೊಂತ ಖಾಲಿ ಬೆಂಚ್ ನೋಡಾಕತ್ತಿದ್ದ. ನನ್ನ ನೋಡಿ ಭಾಳ ಕನಿಕರದಿಂದ ಒದರಿದ:

"ಇಷ್ಟ ಛಲೋ ಡಾಕ್ಟರ್ ಅದಾರ, ಪೇಶಂಟ್ ಯಾಕ ಬರವಲ್ರು ಸಿಸ್ಟರ್?"

೪. ಶೇಂಗಾದ ಬುಟ್ಟಿ ಮುಂದ

ಮುಂದಿನ ರವಿವಾರ ಅತ್ತಿ ಚಪ್ಪಲಿ ಪಿಶವ್ಯಾಗ ಹಾಕಿಕೊಂಡು ಗಡಹಿಂಗ್ಲಜಕ್ಕ ಹೋದ್ನಿ. ಇವತ್ತ ಹೂಂ ಅನಿಸಿಕೊಳ್ಳದ ಬಸ್ ಹತ್ತೂದಿಲ್ಲ ಅಂತ ಗಟ್ಟಿ ಮಾಡಿಕೊಂಡ ಹೋಗಿದ್ನಿ. ಅತ್ತಿ ಅಂಗಳದಾಗ ಶೇಂಗಾ ಹರಿಯಾಕತ್ತಿದ್ರು. ಮದಲೆಲ್ಲಾ ಬುಟ್ಟಿ ಮ್ಯಾಲ ಬುಟ್ಟಿ ತುಂಬತಿದ್ದಾಕಿ, ಈಗ ನಾಕ್ ಬೊಗಸಿ ಹರದು ಕಂಬಕ್ಕ ಆತು ಕುಂಡ್ರತಿದ್ರು.

"ನಾ ಬರಂಗಿಲ್ಲ," ಚಪ್ಪಲಿ ಇಸಕೊಂತನ ಅಂದ್ರು. "ನಿಮ್ಮ ಔಷಧ ರಾತ್ರಿ ಕುಡೀಬೇಕಂತ. ಹೊತ್ತು ಮುಳುಗಿದ ಮ್ಯಾಲ ನಾ ನೀರ್ ಸೈತ ಮುಟ್ಟಂಗಿಲ್ಲ, ನಿನಗ ಗೊತ್ತಿಲ್ಲೇನು?"

ಜುಲಾಬಿನ ಔಷಧ ಎಲ್ಲಾರಿಗೂ ಸಂಜಿ ಮ್ಯಾಲೆ ಕುಡಸೂದು ನಮ್ಮಲ್ಲಿ ರೂಢಿ ಇತ್ತು. ಆದ್ರ ನಾ ಮದಲ ಸಾಹೇಬ್ರ ಹಂತೇಲಿ ಮಾತಾಡಿ ಬಂದಿದ್ನಿ. "ನಿಮಗಂತ ಮುಂಜಾನಿಯಿಂದ ಕುಡಸ್ತೇವಿ. ಹೊತ್ತು ಮುಳುಗೂದ್ರಾಗ ಎಲ್ಲಾ ಮುಗೀತೈತಿ. ನಿಮ್ಮ ನೇಮಕ್ಕ ಕೂದಲಷ್ಟೂ ಧಕ್ಕಿ ಇಲ್ಲ."

ಅತ್ತಿ ಒಂದೆರಡು ಕಾಯಿ ಹರದ್ರು. ಆಮ್ಯಾಲ ಖರೇ ಮಾತು ಹೊರಗ ಬಂತು.

"ನೋಡವಾ, ಡಾಕ್ಟರ್ ನೋಡ್ಲಿ. ಅಂವಾ ಭಾಳ ಮಂದೀದು ನೋಡಿರತಾನ, ಮರತ ಬಿಡತಾನ. ಆಯಾ ನೋಡ್ಲಿ, ಆಕಿ ಎಲ್ಲಿಯಾಕೆನೋ. ನೀ ನೋಡಬಾರದು. ನೀ ಸೊಸಿ. ನಾ ಹಂಗ ಮಲಕೊಂಡಿದ್ದು ನೀ ನೋಡಿದ ಮ್ಯಾಲ, ನಾಳೆ ನೀ ಇಲ್ಲಿ ಬಂದಾಗ ರೊಟ್ಟಿ ಹೊತ್ತಿಸಿದ್ರ ನಿನಗ ಯಾವ ಬಾಯ್ಲೆ ಬೈಲಿ?"

ನಗಬೇಕೋ ಅಳಬೇಕೋ ತಿಳೀಲಿಲ್ಲ. ಇಷ್ಟ ದಿನಾ ಜೀವ ಒತ್ತಿ ಇಟ್ಟು ಕುಂತಿದ್ದು ಇದಕ್ಕ! ಕೈಯಾಗಿನ ಬುಟ್ಟಿ ಕಸಕೊಂಡು ಬಾಜೂಕ ಇಟ್ನಿ.

"ಅತ್ತಿ, ಬೈಯಾಕ ನೀವು ಇರಬೇಕೋ ಬ್ಯಾಡೋ? ನನಗ ಭಾಳ ಹೆದರಿಕಿ ಆಗೈತಿ. ಒಳಗಿನ ಗಂಟು ಬೆಳದ್ರ ಯಾವ ಡಾಕ್ಟರ್ ಕೈಯಾಗೂ ಏನೂ ಉಳ್ಯಂಗಿಲ್ಲ. ನೀವು ಇಲ್ಲದ ಮನ್ಯಾಗ ನಾ ರೊಟ್ಟಿ ಬೆಳ್ಳಗ ಸುಟ್ಟು ಏನ್ ಮಾಡ್ಲಿ? ನನಗ ನೀವು ಬೇಕು."

ಮದುವಿ ಆದಾಗಿಂದ ನಾ ಅವರಿಗೆ ಹಂಗ ಅಂದಿರಲಿಲ್ಲ. ಅವರು ಆ ಕಡೆ ಮುಖ ತಿರುವಿದ್ರು. ಸೆರಗಿನ ಚುಂಗಿಲೆ ಮೂಗು ಒರಸಿಕೊಂಡ್ರು. ಆಮ್ಯಾಲ ಬುಟ್ಟಿ ಮತ್ತ ತಮ್ಮ ಕಡೆ ಎಳಕೊಂಡು ಹುಕುಂ ಮಾಡಿದ್ರು:

"ನೀ ನನ್ನ ತಲಿ ಕಡೆ ನಿಂದ್ರಬೇಕು. ಕೆಳಗ ಒಂದ ಸಲ ಕಣ್ಣ ಹಾಯಿಸಿದ್ರೂ ನಾ ಎದ್ದ ಹೋಗಾಕಿ. ದುರ್ಬೀನ ಸಮೇತ."

೫. ಅತ್ತಿ ಪಾಳಿ

ಚಾತುರ್ಮಾಸ ನಡದಿತ್ತು. ನನ್ನ ಗಂಡ ಇಚಲಕರಂಜಿಯ ನೂಲಿನ ಅಂಗಡ್ಯಾಗ ಕೆಲಸಾ ಮಾಡತಿದ್ರು, ದಿನಾ ಕೊಲ್ಲಾಪುರದಿಂದ ಬಸ್ಸಿಗೆ ಹೋಗಿ ಬರೂದು. ಅವತ್ತ ರಜಾ ಹಾಕಿ ತಾಯಿ ಕೂಡ ಬಂದು ಬಾಗಲದ ಹೊರಗ ಕುಂತ್ರು.

ಅತ್ತಿ ಹಿಂದಿನ ದಿನಾ ಔಷಧ ಎಲ್ಲಾ ಹೊತ್ತಿದ್ದಾಗಲೇ ಕುಡದು ಮುಗಿಸಿದ್ರು. ಮುಂಜಾನೆ ತಲಿ ತುಂಬ ಸೆರಗ ಹೊತ್ತು, ಬಸ್ತಿಗೆ ಹೊಂಟವರಂಗ ಕೈ ಮುಗಕೊಂತ ಒಳಗ ಬಂದ್ರು. ಗುಂಗಿನ ಇಂಜೆಕ್ಷನ್ ಕೊಟ್ವಿ. ನಾ ಕೊಟ್ಟ ಮಾತಿನಂಗ ತಲಿ ಕಡೆ ನಿಂತು ಕಣ್ಣು ಗ್ವಾಡಿಗೆ ನೆಟ್ನಿ. ಉಳದ ಕೆಲಸಕ್ಕ ಆಯಾ ನಿಂತ್ಲು.

ಸಾಹೇಬ್ರು ಕಿಂಡ್ಯಾಗ ಕಣ್ಣಿಟ್ಟು ನಳಿಗಿ ಒಳಗ ಬಿಟ್ರು. ಆಮ್ಯಾಲ ಸಾಹೇಬ್ರು ಸಣ್ಣ ದನೀಲೆ "ಐತಿ," ಅಂದ್ರು.

ಗಂಟು ಇತ್ತು. ಸಾಹೇಬ್ರು ಬರೋಬರಿ ನೋಡಿದ್ರು. "ಸಿಸ್ಟರ್, ಹೆದರಬ್ಯಾಡ್ರಿ. ಇದಕ್ಕ ತೊಟ್ಟು ಐತಿ. ತಂತಿ ಉರುಲು ಹಾಕಿ ಈಗ ತಗೀತೇನಿ." ತಗದ್ರು. ರಕ್ತ ನಿಂತಿದ್ದು ಖಾತ್ರಿ ಮಾಡಿಕೊಂಡ್ರು. ನಳಿಗಿ ಹೊರಗ ತಗದು ಬಾಜೂಕ ತೂಗುಹಾಕಿದ್ರು. ಅತ್ತಿಗೆ ಬಟ್ಟಿ ಸರಿ ಮಾಡಿ ಹೊದಿಕಿ ಹೊಚ್ಚಿದ್ವಿ. ಎಲ್ಲಾ ಮುಗದಿತ್ತು, ಆದ್ರ ಅತ್ತಿ ಏಳವಲ್ರು.

"ಆಜಿ! ಆಜಿ, ಕಣ್ ತಗೀರಿ!" ಸಾಹೇಬ್ರು ಕರದ್ರು. ಇಲ್ಲ. ಆಯಾ ಅಂಗಾಲು ತಿಕ್ಕಿದ್ಲು. ನಾ ಗಲ್ಲ ತಟ್ಟಿದ್ನಿ, ನೀರ್ ಚಿಮುಕಿಸಿದ್ನಿ. ನಾಡಿ ಹೊಡ್ಯಾಕತ್ತಿತ್ತು, ಉಸಿರಿತ್ತು, ಆದ್ರ ಮುಖದಾಗ ಏನೂ ಇಲ್ಲ. ಆ ರಕ್ತ ಇಲ್ಲದ ಮೈಗೆ ಇಂಜೆಕ್ಷನ್ ಜಾಸ್ತಿ ಆತೋ ಏನೋ ಅಂತ ಸಾಹೇಬ್ರ ಹಣಿ ಮ್ಯಾಲ ಬೆವರು ಬಂತು. ನಾ ಹಟಾ ಹಿಡದು ಕರಕೊಂಡ ಬಂದಾಕಿ. ಈ ಹೆಣ್ಣಮಗಳನ್ನ ಎಬ್ಬಸೂವಂಥಾದ್ದು ಈ ಲೋಕದಾಗ ಏನೈತಿ?

ಚಾತುರ್ಮಾಸದಾಗ ನಮ್ಮ ಅತ್ತಿ ಮನ್ಯಾಗ ಉಳ್ಳಾಗಡ್ಡಿ ಹೆಸರು ಸೈತ ತಗೀಗೊಡಂಗಿಲ್ಲ. ಒಮ್ಮೆ ಬಾಜೂ ಮನಿ ಉಳ್ಳಾಗಡ್ಡಿ ಸಿಪ್ಪಿ ಗಾಳಿಗೆ ಹಾರಿ ಅಂಗಳಕ್ಕ ಬಂದಿದ್ದಕ್ಕ ಅಂಗಳ ಪೂರಾ ತೊಳಿಸಿದಾಕಿ. ನಾ ಅವರ ಕಿವಿಗೆ ಬಾಯಿ ಹಚ್ಚಿ ಅಪ್ಪಟ ಸುಳ್ಳು ಹೇಳಿದ್ನಿ:

"ಅತ್ತಿ, ನಿನ್ನಿ ನಿಮ್ಮ ಮಗಗ ಉಳ್ಳಾಗಡ್ಡಿ ಭಜಿ ಮಾಡಿ ತಿನ್ನಿಸೇನಿ."

ಹುಬ್ಬು ಅಳ್ಳಾಡಿತು. ಒಂದು ಕಣ್ಣು ತೆರೀತು.

"ಏನಂದಿ?"

"ಉಳ್ಳಾಗಡ್ಡಿ ಭಜಿ ಅತ್ತಿ. ಎರಡು ಪ್ಲೇಟ್."

"ಚಾತುರ್ಮಾಸದಾಗ ಉಳ್ಳಾಗಡ್ಡಿ?" ಅತ್ತಿ ಮೊಣಕೈ ಊರಿ ಎದ್ದ ಕುಂತ್ರು. "ನನ್ನ ಮಗಗ? ಉಳ್ಳಾಗಡ್ಡಿ ತಿನಿಸಿದ್ಯಾ? ನಿನ್ನ ಕೈ ಸೇದಿ ಹೋಗ್ಲಿ, ಎದಿ ಧೈರ್ಯ ನೋಡು ಇಕಿದು!" ಆ ದನಿ ಇಚಲಕರಂಜಿ ಮಗ್ಗದವರಿಗೂ ಬರಲಿಕ್ಕಿಲ್ಲ. ಸಾಹೇಬ್ರು ಗ್ವಾಡಿಗೆ ಆತು ನಗಾಕತ್ರು. ನಾ ಅಳಕೋಂತ ನಗಾಕತ್ನಿ. ಬೈಸಿಕೊಂಡು ಅಷ್ಟ ಖುಷಿ ನನಗ ಜೀವನದಾಗ ಎಂದೂ ಆಗಿಲ್ಲ. ಗಂಟು ಕೆಟ್ಟದಲ್ಲ ಅಂತ ಮುಂದ ತಪಾಸಣಿ ಆಗಿ ತಿಳೀತು, ಆದ್ರ ಅವತ್ತ ಆ ಒಂದು ಕಣ್ಣು ತೆರದಿದ್ದ ನನಗ ಸಾಕಾಗಿತ್ತು.

"ಅತ್ತಿ, ಅದು ಸುಳ್ಳು, ನಿಮ್ಮನ್ನ ಎಬ್ಬಸಾಕ..." ಅಂತ ನಾ ಸುರು ಮಾಡೂದ್ರಾಗ ಬಾಗಲಾ ತೆರೀತು. ನನ್ನ ಗಂಡ! ಹೊರಗ ಕುಂತವರಿಗೆ ತಾಯಿ ಒದರಿದ್ದಷ್ಟ ಕೇಳಿಸಿತ್ತು. ಮುಖ ಸುಣ್ಣ ಬಡದಂಗ ಆಗಿತ್ತು. ಬಂದವರ ಎರಡೂ ಕೈ ಮುಗದ್ರು.

"ಅವ್ವಾ, ತಪ್ಪಾತು. ಇಕಿಗೆ ಬೈಬ್ಯಾಡ. ಇಕಿ ಮಾಡಿಲ್ಲ. ಇಚಲಕರಂಜಿ ಸ್ಟ್ಯಾಂಡ್ ಮುಂದ ಉಳ್ಳಾಗಡ್ಡಿ ಭಜಿ ಗಾಡಿ ಐತಿ. ಬಸ್ ತಡಾ ಆದಾಗ ಅಷ್ಟ ತಿಂತೇನಿ."

ನಾ ಗಂಡನ ಮುಖ ನೋಡಿದ್ನಿ. ಗಂಡ ನನ್ನ ಮುಖ ನೋಡಿದ್ರು, ಮತ್ತ ಅವರಿಗೆ ತಿಳೀತು, ನಾ ಏನೂ ಹೇಳಿರಲಿಲ್ಲ ಅಂತ.

ಅತ್ತಿ ಶಾಂತ ಕೇಳಿದ್ರು: "ಬಸ್ ಯಾವಾಗ ಯಾವಾಗ ತಡಾ ಆಗತೈತಿ?"

ಗಂಡ ನೆಲಾ ನೋಡ್ಕೊಂತ ಅಂದ್ರು: "ದಿನಾ, ಅವ್ವಾ."

ಅತ್ತಿ ಸೆರಗ ಸರಿ ಮಾಡಿಕೊಂಡು ಮಂಚದಿಂದ ಕೆಳಗ ಇಳದ್ರು. ತೂಗುಹಾಕಿದ್ದ ಕರೀ ನಳಿಗಿ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿದ್ರು. ಆಮ್ಯಾಲ ಖಾಲಿ ಆದ ಮಂಚ ಕೈಲೆ ಝಾಡಿಸಿ ಹೇಳಿದ್ರು:

"ಡಾಕ್ಟರ್ ಸಾಹೇಬ್ರ, ಹೆಂಗೂ ದುರ್ಬೀನ ಹೊರಗನ ಐತಿ. ಇವನಿಗೂ ಹಾಕ್ರಿ. ಹೊಟ್ಟ್ಯಾಗ ಇನ್ನೂ ಏನೇನ್ ಮುಚ್ಚಿಟ್ಟಾನ ನೋಡೂಣು."